‘ಸೂಪರ್ ಅಣ್ಣ’ ಅನ್ನಲೇ, ನಿಜ ಹೇಳಲೇ?

ಪ್ರಶ್ನೆ: ನನಗೆ 27 ವರ್ಷ, ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ. ಚಿಕ್ಕಂದಿನಲ್ಲಿ ಸಂಗೀತ ಕಲಿತಿದ್ದೆ, ಈಗ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತೇನೆ. ನಮ್ಮಂಥ ಆರು ಮಂದಿಯ ವಾಟ್ಸ್ಆ್ಯಪ್ ಗುಂಪಿದೆ. ಟ್ರ್ಯಾಕ್ ಹಾಕಿ ಒಬ್ಬರಿಗೊಬ್ಬರು ಅಭಿಪ್ರಾಯ ಹೇಳುತ್ತೇವೆ. ಗುಂಪಿನ ಹಿರಿಯರೊಬ್ಬರನ್ನು ನಾನು ಅಣ್ಣ ಎಂದೇ ಕರೆಯುವುದು, ನನಗೆ ಸಾಫ್ಟ್‌ವೇರ್ ಕಲಿಸಿದವರೂ ಅವರೇ. ರಾಜ್ಯೋತ್ಸವದ ದಿನ ಯೂಟ್ಯೂಬ್‌ನಲ್ಲಿ ಬಿಡಲು ಒಂದು ಹಾಡು ಮಾಡಿದ್ದಾರೆ. ಚರಣದಲ್ಲಿ ಶ್ರುತಿ ಇಳಿಯುತ್ತದೆ, ಡ್ರಮ್ಸ್ ಅಬ್ಬರದಲ್ಲಿ ಸಾಹಿತ್ಯ ಕೇಳಿಸುವುದೇ ಇಲ್ಲ. ಉಳಿದವರೆಲ್ಲ ‘ಸೂಪರ್ ಅಣ್ಣ’ ಎಂದು ಹಾಕಿದ್ದಾರೆ. ಹಿಂದೊಮ್ಮೆ ಅವರ ಇನ್ನೊಂದು ಹಾಡಿಗೆ ನಾನು ಗುಂಪಿನಲ್ಲೇ ‘ವಾಯ್ಸ್ ಸ್ವಲ್ಪ ಆಫ್, ಮಿಕ್ಸ್ ಕ್ಲಿಯರ್ ಇಲ್ಲ’ ಎಂದು ಬರೆದಾಗ ಎರಡು ವಾರ ಮಾತು ಬಿಟ್ಟಿದ್ದರು. ಈಗ ಅವರೇ ಬೇರೆಯಾಗಿ ಮೆಸೇಜ್ ಮಾಡಿ ‘ನೀನಾದರೂ ನಿಜ ಹೇಳಮ್ಮ’ ಅಂತಿದ್ದಾರೆ. ಇನ್ನು ಮೂರು ವಾರ ಇದೆ. ಹೇಳಲೇ, ಸುಮ್ಮನಿರಲೇ? ನನ್ನ ಟ್ರ್ಯಾಕ್‌ಗಳಿಗೂ ಬರುವುದು ಬರೀ ಹೆಬ್ಬೆರಳು.

ಉತ್ತರ: ಹೇಳಿ. ಈ ವಾರವೇ ಹೇಳಿ. ಯೂಟ್ಯೂಬ್‌ಗೆ ಒಮ್ಮೆ ಏರಿಸಿದ ಹಾಡಿಗೆ ಅದೇ ಲಿಂಕ್‌ನಲ್ಲಿ ಹೊಸ ಮಿಕ್ಸ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ ಟ್ರ್ಯಾಕ್) ಹಾಕಲು ಬರುವುದಿಲ್ಲ. ಅಳಿಸಿ ಮತ್ತೆ ಏರಿಸಿದರೆ ಬಂದ ವೀಕ್ಷಣೆ, ಕಾಮೆಂಟು, ಹಂಚಿದ ಲಿಂಕು ಎಲ್ಲ ಹೋಗುತ್ತದೆ. ಹಾಗಾಗಿ ನವೆಂಬರ್ 1 ಕಳೆದ ಮೇಲೆ ನೀವು ಹೇಳುವ ಮಾತಿನಿಂದ ಅವರಿಗೆ ನೋವಾಗಬಹುದೇ ಹೊರತು ಈ ಹಾಡಿಗೆ ಏನೂ ಆಗುವುದಿಲ್ಲ. ಒಂದು ಚರಣ ಮತ್ತೆ ಹಾಡಿ ಮಿಕ್ಸ್ ತಿದ್ದಲು ಮೂರು ವಾರ ಧಾರಾಳ. ಅದೂ ಅಲ್ಲದೆ ಅವರೇ ಬಾಯಿಬಿಟ್ಟು ಕೇಳಿದ್ದಾರೆ. ನಾಲ್ಕು ‘ಸೂಪರ್’ಗಳು ಬಂದ ಮೇಲೂ ನಿಮ್ಮನ್ನು ಕೇಳಿದ್ದಾರೆಂದರೆ ಅವರಿಗೇ ಎಲ್ಲೋ ಅನುಮಾನವಿದೆ.

ಹೋದ ಸಲದ ನಿಮ್ಮ ಮಾತು ಸುಳ್ಳಾಗಿರಲಿಕ್ಕಿಲ್ಲ. ಆದರೆ ಅದನ್ನು ಓದಿ ಅವರು ಮಾಡಬಹುದಾಗಿದ್ದು ಏನು? ಯಾವ ಸಾಲಿನಲ್ಲಿ ಆಫ್, ಶ್ರುತಿಯಲ್ಲೋ ತಾಳದಲ್ಲೋ, ಮಿಕ್ಸ್‌ನಲ್ಲಿ ಯಾವ ವಾದ್ಯ ಅಡ್ಡ ಬರುತ್ತಿದೆ, ಒಂದೂ ಅದರಲ್ಲಿಲ್ಲ. ತಿದ್ದಲು ಏನೂ ಸಿಗದಾಗ ಮನಸ್ಸಿನಲ್ಲಿ ಉಳಿಯುವುದು ನಾಲ್ಕು ಜನರ ಎದುರು ಅನ್ನಿಸಿಕೊಂಡೆ ಎಂಬುದೊಂದೇ. ಈ ಸಲ ಮಾತು ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಇರಲಿ, ಗುಂಪಿನ ಹೊರಗೆ ಇರಲಿ.

ಅದಕ್ಕೂ ಮೊದಲು ನಿಮ್ಮ ಕಿವಿಗೆ ಬಿದ್ದದ್ದು ಅವರು ಮಾಡಿದ ಹಾಡೇ ಹೌದೋ ನೋಡಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ನೋಟ್ ಆಗಿಯೋ ಚಿತ್ರ ಹಾಕಿದ ವಿಡಿಯೊ ಆಗಿಯೋ ಬಂದಿದ್ದರೆ ಶಬ್ದ ಹಿಂಡಿಹೋಗಿರುತ್ತದೆ. ಜಾಗಟೆ, ಸಿಂಬಲ್, ‘ಸ’ಕಾರ, ‘ಶ’ಕಾರಗಳು ಮೊದಲು ಕೆಡುತ್ತವೆ. ಮೂಲ ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿ ಅಥವಾ ಡ್ರೈವ್ ಲಿಂಕ್ ಮೂಲಕ ಕೇಳಿ ಪಡೆಯಿರಿ. 24 ಬಿಟ್, 48 ಕಿಲೋಹರ್ಟ್ಜ್‌ನ ನಾಲ್ಕು ನಿಮಿಷದ ಹಾಡು ಸುಮಾರು 70 ಎಂಬಿ ಆಗುತ್ತದೆ. ಅಷ್ಟು ಕಷ್ಟವಾದರೆ 320 ಕೆಬಿಪಿಎಸ್ ಎಂಪಿ3 ಸಾಕು, ಹತ್ತು ಎಂಬಿಯೊಳಗೆ ಬರುತ್ತದೆ.

ಮೊದಲ ಸಲ ನಿಲ್ಲಿಸದೆ, ಪೆನ್ನು ಹಿಡಿಯದೆ ಕೇಳಿ. ಎರಡನೆಯ ಸಲ ಸಮಯ ಗುರುತು ಹಾಕುತ್ತಾ ಹೋಗಿ. ಮೂರನೆಯದು ಫೋನ್ ಸ್ಪೀಕರ್‌ನಲ್ಲಿ, ನಾಲ್ಕನೆಯದು ವಾಲ್ಯೂಮ್ ತೀರಾ ತಗ್ಗಿಸಿ. ಫೋನ್ ಸ್ಪೀಕರ್‌ನಲ್ಲಿ ಕೇಳಿದ ಮೇಲೆ ನಿಮ್ಮ ದೂರು ಬದಲಾಗಬಹುದು. ಅದರ ಪುಟ್ಟ ಸ್ಪೀಕರ್ 200 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಹೆಚ್ಚುಕಡಿಮೆ ನುಡಿಸುವುದೇ ಇಲ್ಲ, ಕಿಕ್ ಡ್ರಮ್ಮಿನ ಗುದ್ದು ಅಲ್ಲಿ ಮಾಯವಾಗುತ್ತದೆ. ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿದರೆ ಕಿಕ್ಕು, ಬೇಸು ಜಾಸ್ತಿಯಾಗಿವೆ, ಇಲ್ಲವೇ ನಿಮ್ಮ ಹೆಡ್‌ಫೋನೇ ಬೇಸ್ ಹೆಚ್ಚು ಕೊಡುತ್ತಿದೆ. ಅಲ್ಲೂ ಮಾತು ಮುಳುಗಿದರೆ ತಪ್ಪು ಕಿಕ್ಕಿನದಲ್ಲ. ಸ್ನೇರ್ ಡ್ರಮ್, ಸಿಂಬಲ್, ಹಿನ್ನೆಲೆಯಲ್ಲಿ ಎಳೆದು ನುಡಿಯುವ ಕೀಬೋರ್ಡ್ ಪ್ಯಾಡ್‌ಗಳು ದನಿಯ ಜಾಗದಲ್ಲೇ ಬಂದು ಕೂತಿವೆ. ‘ಡ್ರಮ್ಸ್ ಜಾಸ್ತಿ’ ಎಂದಷ್ಟೇ ಹೇಳಿದ್ದರೆ ಅಣ್ಣ ಕಿಕ್ ತಗ್ಗಿಸಿ, ಮಾತು ಮತ್ತೆ ಮುಳುಗಿ, ನಿಮ್ಮ ಕಿವಿಯ ಮೇಲಿನ ನಂಬಿಕೆ ಹೋಗುತ್ತಿತ್ತು.

ಸಾಹಿತ್ಯ ಕೇಳಿಸುತ್ತದೋ ಇಲ್ಲವೋ ಎಂಬುದನ್ನು ಅಣ್ಣನೂ ನಿರ್ಧರಿಸಲಾರರು, ಸಾಹಿತ್ಯವನ್ನು ಮೊದಲೇ ಓದಿದ್ದರೆ ನೀವೂ ನಿರ್ಧರಿಸಲಾರಿರಿ. ಮಾತು ಗೊತ್ತಿದ್ದವರಿಗೆ ಅರ್ಧ ಅಕ್ಷರ ಕೇಳಿದರೂ ಪೂರ್ತಿ ಕೇಳಿದಂತೆಯೇ ಆಗುತ್ತದೆ. ಹಾಡೇ ಕೇಳದ ಒಬ್ಬರನ್ನು, ಮನೆಯಲ್ಲಿ ಅಮ್ಮನನ್ನೋ ತಮ್ಮನನ್ನೋ ಕೂರಿಸಿ ಚರಣವನ್ನು ಕೇಳಿದ ಹಾಗೆ ಬರೆಯಲು ಹೇಳಿ. ಒತ್ತಕ್ಷರಗಳು, ಸಾಲಿನ ಕೊನೆಯ ವಿಭಕ್ತಿ ಪ್ರತ್ಯಯಗಳು ಎಲ್ಲಿ ತಪ್ಪುತ್ತವೆ ನೋಡಿ. ಕನ್ನಡದಲ್ಲಿ ಸಾಲಿನ ಕೊನೆ ನುಂಗಿಹೋದರೆ ಅರ್ಥವೇ ಹೋಗುತ್ತದೆ, ಅದರಲ್ಲೂ ಇದು ರಾಜ್ಯೋತ್ಸವದ ಹಾಡು. ಆ ಬರೆದ ಹಾಳೆಯ ಫೋಟೊ ನಿಮ್ಮ ಅಭಿಪ್ರಾಯಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಶ್ರುತಿಗೆ ನಿಮ್ಮ ಹಳೆಯ ಪಾಠವೇ ಸಾಕು. ಮೊಬೈಲ್ ತಂಬೂರಿ ಆ್ಯಪ್‌ನಲ್ಲಿ ಹಾಡಿನ ಷಡ್ಜ (‘ಸ’ ಸ್ವರ) ಇಟ್ಟುಕೊಂಡು ಚರಣ ಕೇಳಿ. ಹಾದುಹೋಗುವ ಸ್ವರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜಾರು, ಕಂಪಿತದಂಥ ಗಮಕಗಳೆಲ್ಲ ಹಾಡುವವರ ಶೈಲಿ. ಸಾಲು ಬಂದು ನಿಲ್ಲುವ ಸ್ವರ ತಂಬೂರಿಗೆ ಸೇರುತ್ತದೆಯೇ ಎಂಬುದನ್ನಷ್ಟೇ ಗಮನಿಸಿ. ಅಲ್ಲಿ ಇಳಿದಿದ್ದರೆ ಅದು ಇಳಿದದ್ದೇ.

ಇಷ್ಟಾದ ಮೇಲೆ ಹೀಗೆ ಬರೆಯಬಹುದು, ಸಮಯಗಳನ್ನು ನಿಮ್ಮ ಟಿಪ್ಪಣಿಯಿಂದ ಹಾಕಿಕೊಳ್ಳಿ:

“ಅಣ್ಣ, ಹೆಡ್‌ಫೋನಲ್ಲೂ ಫೋನ್ ಸ್ಪೀಕರಲ್ಲೂ ಕೂತು ಕೇಳಿದೆ. 0:48ಕ್ಕೆ ಕೊಳಲು ಬಂದು ಪಲ್ಲವಿಗೆ ಸೇರೋ ಜಾಗ ತುಂಬ ಚೆನ್ನಾಗಿದೆ, ಅದನ್ನ ಮುಟ್ಟಬೇಡಿ. ಎರಡು ಕಡೆ ನನಗೆ ತೊಡಕಾಯ್ತು. 1:32ರಿಂದ 1:50ರ ಒಳಗೆ, ಮೇಲಿನ ಷಡ್ಜದಲ್ಲಿ ನಿಲ್ಲುವಾಗ ಶ್ರುತಿ ಸ್ವಲ್ಪ ಕೆಳಗೆ ಕೇಳಿಸ್ತು, 1:41ರಲ್ಲಿ ಜಾಸ್ತಿ. 2:05ಕ್ಕೆ ಡ್ರಮ್ಸ್ ಸೇರಿದ ಮೇಲೆ ಸಾಲಿನ ಕೊನೆ ಮಾತು ಹಿಡಿಯಲಿಲ್ಲ. ಅಮ್ಮನ ಹತ್ರ ಕೇಳಿಸಿಕೊಂಡು ಬರೆಸಿದೆ, ಫೋಟೊ ಹಾಕಿದೀನಿ ನೋಡಿ. ವಾಯ್ಸ್ ಟ್ರ್ಯಾಕ್ ಒಂದೇ ಬೇರೆ ಕಳಿಸಿದ್ರೆ ಇನ್ನೊಂದು ಸಲ ಕೇಳಿ ಹೇಳ್ತೀನಿ. ಚರಣ ಮತ್ತೆ ಹಾಡೋದಾದ್ರೆ ಭಾನುವಾರ ನಾನೂ ಬರ್ತೀನಿ.”

ಎರಡೇ ದೋಷ, ಎರಡಕ್ಕೂ ಸಮಯ. ಸಿಂಥ್‌ನ ನಾದ ನಿಮಗೆ ಹಿಡಿಸದಿರಬಹುದು, ಇಂಟ್ರೊ ಉದ್ದವೆನಿಸಿರಬಹುದು. ಅವು ರುಚಿಯ ವಿಷಯ, ಈಗ ಬೇಡ. ಮೆಚ್ಚಿದ್ದನ್ನು ಹೇಳುವಾಗಲೂ ಸಮಯ ಹಾಕಿ. ತಿದ್ದುವ ಭರದಲ್ಲಿ ಚೆನ್ನಾಗಿದ್ದ ಜಾಗವನ್ನೂ ಕೆಡಿಸಿಕೊಳ್ಳುವುದು ಮನೆ ಸ್ಟುಡಿಯೊದಲ್ಲಿ ತೀರಾ ಸಾಮಾನ್ಯ.

‘ಹಾಗಾದರೆ ಏನು ಮಾಡಲಿ?’ ಎಂದು ಅವರು ಕೇಳಿದರೆ ಕೈಯಲ್ಲಿ ಉತ್ತರ ಇರಲಿ. ತಾರಸ್ಥಾಯಿಯಲ್ಲಿ (ಎತ್ತರದ ಸ್ವರಗಳಲ್ಲಿ) ಶ್ರುತಿ ಇಳಿಯಲು ದೊಡ್ಡ ಕಾರಣ ಹೆಡ್‌ಫೋನ್‌ನಲ್ಲಿ ಟ್ರ್ಯಾಕ್ ಜೋರಾಗಿರುವುದು. ತನ್ನ ದನಿಯೇ ತನಗೆ ಸರಿಯಾಗಿ ಕೇಳಿಸುವುದಿಲ್ಲ. ಟ್ರ್ಯಾಕ್ ತಗ್ಗಿಸಿ, ಒಂದು ಕಿವಿ ಬಿಚ್ಚಿ ಹಾಡಲಿ. ಬಿಚ್ಚಿದ ಕಡೆಯ ಶಬ್ದ ಮೈಕಿಗೆ ಸೋರದಂತೆ ಆ ಬದಿಯನ್ನು ತಲೆಗೆ ಒತ್ತಿಟ್ಟುಕೊಳ್ಳಲಿ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ಹಾಡುತ್ತಿದ್ದರೆ ಅದನ್ನು ಬಿಡಿಸಿ. ಕಿವಿಗೆ ಬರುವಷ್ಟರಲ್ಲಿ ಶಬ್ದ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿರುತ್ತದೆ, ತಾಳ ಹಿಂದೆ ಬೀಳುತ್ತದೆ. ವೈರಿನ ಹೆಡ್‌ಫೋನ್ ಹಾಕಿ, ಹಾಡುವಾಗ ಸಾಫ್ಟ್‌ವೇರ್‌ನ ಬಫರ್ (ಶಬ್ದ ಎಷ್ಟು ತಡವಾಗುತ್ತದೆಂದು ನಿರ್ಧರಿಸುವ ಅಳತೆ) 128ಕ್ಕೆ ಇಳಿಸಿ, ಮಿಕ್ಸ್ ಮಾಡುವಾಗ 512ಕ್ಕೋ 1024ಕ್ಕೋ ಏರಿಸಿದರಾಯಿತು.

ಇನ್ನೊಂದು ಕಾರಣ, ಹೇಳಲು ಸ್ವಲ್ಪ ಸೂಕ್ಷ್ಮ: ಹಾಡೇ ಅವರ ಕಂಠಕ್ಕೆ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಒಂದು ಕೀಲಿಯಷ್ಟು) ಎತ್ತರದಲ್ಲಿರಬಹುದು. ಎರಡೂವರೆ ಮನೆಯಿಂದ ಎರಡಕ್ಕೆ ಇಳಿಸಿದರೆ ಅದೇ ಷಡ್ಜ ನಿರಾಯಾಸವಾಗಿ ಸಿಕ್ಕೀತು. ವಾದ್ಯಗಳೆಲ್ಲ ಮಿಡಿಯಲ್ಲಿದ್ದರೆ (ಕಂಪ್ಯೂಟರ್ ನುಡಿಸುವ ಸ್ವರಗಳಾಗಿದ್ದರೆ) ಅದು ನಿಮಿಷದ ಕೆಲಸ. ಕೊಳಲನ್ನು ಯಾರಿಂದಲೋ ನುಡಿಸಿ ರೆಕಾರ್ಡ್ ಮಾಡಿದ್ದರೆ ಈ ಸಲಹೆ ಕೊಡಬೇಡಿ. ಆಗ ಚರಣವನ್ನು ಎರಡೆರಡು ಸಾಲು ತುಂಡು ಮಾಡಿ, ಒಂದೊಂದನ್ನು ಮೂರ್ನಾಲ್ಕು ಸಲ ಹಾಡಿ, ಒಳ್ಳೆಯದನ್ನು ಆರಿಸಿ ಜೋಡಿಸುವುದೇ ದಾರಿ. ಹಳೆಯ ಪಲ್ಲವಿಗೂ ಹೊಸ ಚರಣಕ್ಕೂ ದನಿಯ ಬಣ್ಣ ಒಂದೇ ಇರಬೇಕಾದರೆ ಕೋಣೆ, ಮೈಕು, ದೂರ ಮೂರೂ ಅವವೇ ಇರಬೇಕು. ಬಾಯಿಗೂ ಮೈಕಿಗೂ ಒಂದು ಗೇಣಿಗಿಂತ ತುಸು ಕಡಿಮೆ, 15ರಿಂದ 20 ಸೆಂಟಿಮೀಟರ್ ಇರಲಿ. ಹತ್ತಿರ ಹೋದಷ್ಟೂ ದನಿ ದಪ್ಪವಾಗುತ್ತದೆ. ಫ್ಯಾನ್ ಆರಿಸಿ, ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ. ಟೈಲ್ಸ್ ನೆಲ, ಬೋಳು ಗೋಡೆಯ ಕೋಣೆಯ ಪ್ರತಿಧ್ವನಿ ಒಮ್ಮೆ ದನಿಯೊಳಗೆ ಸೇರಿತೆಂದರೆ ಆಮೇಲೆ ಅದನ್ನು ನೀಟಾಗಿ ತೆಗೆಯಲಾಗುವುದಿಲ್ಲ.

ಶ್ರುತಿ ತಿದ್ದುವ ಆಟೋಟ್ಯೂನ್ ಹಾಕಿದರಾಯಿತು ಎಂದರೆ ಒಪ್ಪಬೇಡಿ, ತಡೆಯಲೂ ಬೇಡಿ. ವೇಗವಾಗಿ ತಿದ್ದುವಂತೆ ಇಟ್ಟರೆ ಗಮಕವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಿಡುತ್ತದೆ. ನಿಲ್ಲುವ ಸ್ವರಗಳನ್ನು ಮಾತ್ರ ಕೈಯಿಂದ ತಿದ್ದಿ ಉಳಿದದ್ದನ್ನು ಹಾಗೇ ಬಿಟ್ಟರೆ ಸಹಜವಾಗಿರುತ್ತದೆ.

ಮಿಕ್ಸ್‌ನಲ್ಲಿ ದನಿ ಏರಿಸುವ ಮೊದಲು ಉಳಿದದ್ದನ್ನು ಇಳಿಸಲಿ. ದನಿ ಏರಿಸಿ, ಅದಕ್ಕೆ ಸರಿಯಾಗಿ ಡ್ರಮ್ಸ್ ಏರಿಸಿ, ಹೀಗೇ ಹೋದರೆ ಕೊನೆಗೆ ಎಲ್ಲ ಜೋರಿಗೆ ಮಿತಿ ಹಾಕುವ ಲಿಮಿಟರ್‌ಗೆ ಹೋಗಿ ಗುದ್ದುತ್ತದೆ. ಸ್ನೇರ್, ಸಿಂಬಲ್ ಎರಡು ಡಿಬಿ (ಡೆಸಿಬಲ್) ಕೆಳಗೆ, ಪ್ಯಾಡ್‌ನಲ್ಲಿ 300 ಹರ್ಟ್ಜ್ ಸುತ್ತ ಎರಡು ಮೂರು ಡಿಬಿ ಕಡಿತ, ದನಿಗೆ 80 ಹರ್ಟ್ಜ್‌ನಿಂದ ಲೋ ಕಟ್ (ಅದಕ್ಕಿಂತ ಕೆಳಗಿನದ್ದಕ್ಕೆ ಕತ್ತರಿ), ಜೋರು-ಮೆಲುವಿನ ಅಂತರ ತಗ್ಗಿಸುವ ಕಂಪ್ರೆಸರ್ 3:1ರಲ್ಲಿ ನಾಲ್ಕೈದು ಡಿಬಿ ಹಿಡಿಯುವಂತೆ: ಶುರುವಿಗೆ ಇಷ್ಟು ಸಾಕು, ಮುಂದಿನದು ಕಿವಿಯ ಕೆಲಸ. ಜೋರಾಗಿ ಕೇಳಿಸಲಿ ಎಂದು ಮಾಸ್ಟರನ್ನು (ಬಿಡುಗಡೆಗೆ ಸಿದ್ಧವಾದ ಕೊನೆಯ ಟ್ರ್ಯಾಕನ್ನು) ಹಿಂಡುವುದರಲ್ಲಿ ಲಾಭವಿಲ್ಲ. ಯೂಟ್ಯೂಬ್ ಸುಮಾರು (ಶಬ್ದದ ಜೋರಿನ ಅಳತೆಯಲ್ಲಿ) ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿದ್ದದ್ದನ್ನು ತಾನೇ ತಗ್ಗಿಸುತ್ತದೆ. ಆಗ ಉಳಿಯುವುದು ಹಿಂಡಿದ ಡ್ರಮ್ಸ್ ಅಷ್ಟೇ.

ಇಷ್ಟೆಲ್ಲ ಮಾಡಿದರೂ ಅವರಿಗೆ ಬೇಸರವಾಗಬಹುದು. ತಿಂಗಳುಗಟ್ಟಲೆ ರಾತ್ರಿ ಕೂತು ಮಾಡಿದ ಕೆಲಸ ಅದು. ಒಂದೆರಡು ದಿನ ಉತ್ತರ ಬರದಿದ್ದರೆ ಬೆನ್ನು ಹತ್ತಬೇಡಿ, ಮಾತು ಹಿಂತೆಗೆದುಕೊಳ್ಳಲೂ ಬೇಡಿ. ವಾರ ಬಿಟ್ಟು ‘ಭಾನುವಾರ ಬರಲಾ ಅಣ್ಣ?’ ಎಂದು ಒಂದೇ ಸಾಲು ಹಾಕಿ. ಬೇಡವೆಂದು ಹಾಗೆಯೇ ಬಿಡುಗಡೆ ಮಾಡಿದರೆ ಅದು ಅವರ ಹೆಸರಿನ ಹಾಡು, ಅವರ ತೀರ್ಮಾನ. ನಿಮಗೆ ನಿಜವಾಗಿ ಹಿಡಿಸಿದ ಆ ಕೊಳಲಿನ ಜಾಗದ ಬಗ್ಗೆ ಕಾಮೆಂಟಿನಲ್ಲಿ ಬರೆಯಿರಿ. ಕಲಿಸಿದವರಿಗೆ ನೀವು ತೋರಿಸಬೇಕಾದ ಗೌರವ ಅವರು ಕೇಳಿದಾಗ ಸರಿಯಾಗಿ ಕೇಳಿ ಹೇಳುವುದರಲ್ಲೇ ಇದೆ, ಅದನ್ನು ಆಗಲೇ ಸಲ್ಲಿಸಿರುತ್ತೀರಿ.

ಇನ್ನು ನಿಮ್ಮ ಹೆಬ್ಬೆರಳುಗಳ ಮಾತು. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಬರುತ್ತದೆ, ಬೇರೇನೂ ಹೇಳಲು ಆ ಪ್ರಶ್ನೆ ಜಾಗವನ್ನೇ ಕೊಡುವುದಿಲ್ಲ. ಟ್ರ್ಯಾಕ್ ಜೊತೆಗೆ ಮೂರು ವಿಷಯ ಬರೆಯಿರಿ: ಇದು ಯಾವ ಹಂತ (ಡೆಮೊ, ಮಿಕ್ಸ್, ಕೊನೆಯ ಮಾಸ್ಟರ್), ಯಾವತ್ತಿನೊಳಗೆ ಬೇಕು, ನಿಮ್ಮ ಅನುಮಾನ ಯಾವುದು. ‘ಎರಡನೇ ಚರಣಕ್ಕೆ ಮುಂಚಿನ ಬಿಜಿಎಂ ಉದ್ದವಾಯಿತೇ, ಎಲ್ಲಿ ಬೇಜಾರಾಯಿತೋ ಆ ಸೆಕೆಂಡು ಹೇಳಿ’ ಎಂದರೆ ಸಂಗೀತ ಕಲಿಯದವರೂ ಉತ್ತರಿಸಬಲ್ಲರು. ಗುಂಪಿನಲ್ಲೂ ಇದನ್ನೇ ರೂಢಿ ಮಾಡಿ ಎಂದು ಸೂಚಿಸಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಟ್ರ್ಯಾಕ್ ಬೇಡ, ಆರು ಬಂದರೆ ಯಾರೂ ಪೂರ್ತಿ ಕೇಳುವುದಿಲ್ಲ.

ಅಭಿಪ್ರಾಯ ಬಂದ ಗಳಿಗೆಯಲ್ಲೇ ವಾಲ್ಯೂಮ್ ಫೇಡರ್‌ಗೆ ಕೈ ಹಾಕಬೇಡಿ. ಎಲ್ಲರದ್ದನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ. ಇಬ್ಬರು ಒಂದೇ ಸೆಕೆಂಡು ತೋರಿಸಿದರೆ ಅಲ್ಲಿ ಏನೋ ಇದೆ, ಅವರು ಹೇಳುವ ಮದ್ದು ಬೇರೆ ಬೇರೆಯಾಗಿದ್ದರೂ ಸರಿ. ಒಬ್ಬರೇ ಹೇಳಿದ್ದನ್ನು ಮರುದಿನ ಬೆಳಿಗ್ಗೆ ಕೇಳಿ ತೀರ್ಮಾನಿಸಿ. ತಿದ್ದಿದ್ದನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿ. ಹಳೆಯದನ್ನೂ ಹೊಸದನ್ನೂ ಒಂದೇ ವಾಲ್ಯೂಮ್‌ಗೆ ತಂದು ಹೋಲಿಸಿ ನೋಡಿ, ಏಕೆಂದರೆ ಒಂದು ಡಿಬಿ ಜೋರಿದ್ದರೂ ಅದೇ ಚೆನ್ನಾಗಿದೆ ಎನಿಸಿಬಿಡುತ್ತದೆ. ಹಳೆಯದೇ ವಾಸಿ ಎನಿಸಿದರೆ ಅದಕ್ಕೇ ವಾಪಸ್ ಹೋಗಿ.