ಲ್ಯಾಂಬ್ಡಾ ವೈರಸ್‌ನ ರಿಪ್ರೆಸರ್‌ಗಳು ಒಂದನ್ನೊಂದು ಹಿಡಿದುಕೊಂಡೇ ಡಿಎನ್‌ಎಗೆ ಅಂಟಬೇಕು ಯಾಕೆ?

ನಿಮ್ಮ ಪ್ರಶ್ನೆ ಇದು: ರಿಪ್ರೆಸರ್ ತನ್ನ ಪಾಡಿಗೆ ತಾನು ಅಂಟಿದರೂ ವೈರಸ್‌ನ ಜೀನ್ ಬಂದ್ ಆಗುತ್ತಲ್ವಾ, 'ಸಹಕಾರ' ಅಂತ ಅದಕ್ಕೆ ಅಷ್ಟು ಒತ್ತು ಯಾಕೆ?

ಹಾಸನದಲ್ಲಿ ಬಿಎಸ್ಸಿ ಓದುವಾಗ 'ಸಹಕಾರದಿಂದ ಹಿಡಿತ ಗಟ್ಟಿಯಾಗುತ್ತದೆ' ಅಂತ ಬರೆದು ನಾನೂ ಮಾರ್ಕ್ಸ್ ತಗೊಂಡವನು. ತಪ್ಪೇನಲ್ಲ. ಆದರೆ ಅಸಲಿ ವಿಷಯ ಅದಲ್ಲ.

ಲ್ಯಾಂಬ್ಡಾ ಅನ್ನೋದು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಹತ್ತುವ ವೈರಸ್. ಅದು ಬ್ಯಾಕ್ಟೀರಿಯಾದ ಡಿಎನ್‌ಎ ಒಳಗೇ ಸೇರಿಕೊಂಡು ತೆಪ್ಪಗಿರಬಲ್ಲದು. ವೈರಸ್‌ನ ಜೀನ್ ಬಂದ್ ಮಾಡಿ ಹಾಗೆ ತೆಪ್ಪಗಿಡುವ ಪ್ರೋಟೀನೇ ರಿಪ್ರೆಸರ್. ವಿಜ್ಞಾನಿ ಮಾರ್ಕ್ ಟಾಶ್ನೆ 1967ರಲ್ಲಿ ಬೇರ್ಪಡಿಸಿ ತೋರಿಸಿದ್ದು ಇದನ್ನೇ. ವೈರಸ್‌ನ ಡಿಎನ್‌ಎಯಲ್ಲಿ ಇದು ಕೂರುವ ಜಾಗಗಳು ಪಕ್ಕಪಕ್ಕದಲ್ಲೇ ಮೂರಿವೆ, ಒಂದೊಂದೂ ಡಿಎನ್‌ಎಯ 17 ಅಕ್ಷರದ್ದು. ಎರಡು ರಿಪ್ರೆಸರ್ ಕೂಡಿ ಒಂದು ಜೋಡಿ, ಜೋಡಿಗೆ ಒಂದು ಜಾಗ. ಮೊದಲನೆಯದರಲ್ಲಿ ಹಿಡಿತ ಚೆನ್ನಾಗಿದೆ. ಎರಡನೆಯದರಲ್ಲಿ ಸಡಿಲ.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಬಸ್ಸಲ್ಲಿ ನಿಂತು ಹೋಗಿದ್ದೀರಾ? ಒಬ್ಬನಿಗೆ ಕಂಬಿ ಸರಿಯಾಗಿ ಸಿಕ್ಕಿದೆ. ಪಕ್ಕದವನಿಗೆ ಬೆರಳ ತುದಿಗಷ್ಟೇ ಸಿಕ್ಕಿದೆ. ಅವನು ಮೊದಲಿನವನ ತೋಳು ಹಿಡಿದರೆ ತಿರುವಿನಲ್ಲೂ ಬೀಳಲ್ಲ. ಇಲ್ಲೂ ಅಷ್ಟೇ. ರಿಪ್ರೆಸರ್‌ನ ತಲೆ ಡಿಎನ್‌ಎಯನ್ನು ಹಿಡಿಯುತ್ತದೆ, ಬಾಲ ಪಕ್ಕದ ಜೋಡಿಯನ್ನು ಹಿಡಿಯುತ್ತದೆ. ಬೇರೆ ಮ್ಯಾಜಿಕ್ ಏನೂ ಇಲ್ಲ.

ಈಗ ಲೆಕ್ಕ ನೋಡಿ. ನನಗೆ ವಿಷಯ ತಲೆಗೆ ಹೋಗಿದ್ದೇ ಇಲ್ಲಿ. ಒಂಟಿಯಾಗಿ ಅಂಟುವ ಪ್ರೋಟೀನ್ ಒಂದಿದೆ ಅಂದುಕೊಳ್ಳಿ. ಅದರ ಜಾಗ 90 ಶೇಕಡಾ ತುಂಬಿದೆ. ಅದು 10ಕ್ಕೆ ಇಳಿಯಬೇಕಾದರೆ ಪ್ರೋಟೀನ್ 81 ಪಟ್ಟು ಕಮ್ಮಿಯಾಗಬೇಕು! ಎರಡು ಒಟ್ಟಿಗೇ ಹತ್ತಿ ಒಟ್ಟಿಗೇ ಇಳಿಯುವಂತಿದ್ದರೆ 9 ಪಟ್ಟು ಸಾಕು. ನಾಲ್ಕಾದರೆ 3 ಪಟ್ಟು. ಲ್ಯಾಂಬ್ಡಾದಲ್ಲಿ ಲೆಕ್ಕ ಇಷ್ಟು ನೀಟಾಗಿಲ್ಲ, ಆದರೆ ದಾರಿ ಇದೇ. ಹಿಡಿತ ಗಟ್ಟಿ ಮಾಡೋದು ಮಾತ್ರ ಬೇಕಿದ್ದರೆ ಜಾಗದ ಅಕ್ಷರ ಬದಲಿಸಿದರೂ ಆಗುತ್ತಿತ್ತು. ಆಗ ಬಿಡಿಸಿಕೊಳ್ಳೋದು ಕಷ್ಟ. ಸಹಕಾರ ಇದ್ದರೆ ಇರುವಷ್ಟು ಹೊತ್ತು ಭದ್ರ, ಬಿಟ್ಟಾಗ ತಟ್ಟನೆ ಖಾಲಿ.

(ಸುಮಾರು 2,400 ಅಕ್ಷರ ದೂರದಲ್ಲಿ ಇನ್ನೂ ಮೂರು ಜಾಗ ಇವೆ. ಅಲ್ಲಿನ ಜೋಡಿಗಳೂ ಇಲ್ಲಿನವನ್ನು ಹಿಡಿದುಕೊಳ್ಳುತ್ತವೆ, ನಡುವಿನ ಡಿಎನ್‌ಎ ಕುಣಿಕೆಯಂತೆ ಬಾಗುತ್ತದೆ. ಪರೀಕ್ಷೆಗೆ ಇದು ಬೇಕಾಗದಿರಬಹುದು, ಆದರೆ ನನಗೆ ತುಂಬ ಇಷ್ಟ.)

ಯುವಿ ಬೆಳಕು ಬಿದ್ದು ಬ್ಯಾಕ್ಟೀರಿಯಾದ ಡಿಎನ್‌ಎ ಹಾಳಾದಾಗ ರೆಕ್‌ಎ ಪ್ರೋಟೀನ್ ಚುರುಕಾಗುತ್ತದೆ. ಅದರ ನೆರವಿನಿಂದ ರಿಪ್ರೆಸರ್ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಎಲ್ಲಿ ಗೊತ್ತಾ? ಸರಿಯಾಗಿ ತಲೆ ಮತ್ತು ಬಾಲದ ನಡುವೆ. ಹಿಡಿದಿದ್ದ ತೋಳೇ ಹೋಯಿತು. ಮೊದಲೆರಡು ಜಾಗ ಖಾಲಿಯಾಗುತ್ತವೆ. ಬಂದ್ ಆಗಿದ್ದ ವೈರಸ್ ಜೀನ್ ತೆರೆದುಕೊಂಡು, ಕ್ರೋ ಅನ್ನುವ ಇನ್ನೊಂದು ಪ್ರೋಟೀನ್ ತಯಾರಾಗಿ ಮೂರನೆಯ ಜಾಗದಲ್ಲಿ ಕೂರುತ್ತದೆ. ಆ ಜಾಗ ಭರ್ತಿಯಾದರೆ ಹೊಸ ರಿಪ್ರೆಸರ್ ತಯಾರಾಗುವುದೂ ನಿಂತಂತೆ.