ಡೋರ್ ಬ್ರಷ್ ಗಟ್ಟಿ, ನೆಲ ಏರುತಗ್ಗು: ಕೂದಲು ಎಷ್ಟು ಕತ್ತರಿಸಬೇಕು?

ಕತ್ತರಿ ಸ್ವಲ್ಪ ಪಕ್ಕಕ್ಕಿಡಿ. ಸಂದಿ ಮುಚ್ಚಲು ಬಾಗಿಲ ತಳಕ್ಕೆ ಹೊಡೆಯುವ ಕೂದಲಿನ ಪಟ್ಟಿ, ಅಂದರೆ ಡೋರ್ ಬ್ರಷ್, ನೆಲದ ಉಬ್ಬಿಗೆ ಸಿಕ್ಕಿ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ, ಅಲ್ವಾ? ನಮ್ಮಲ್ಲೂ ಅದೇ ಆಗಿತ್ತು.

ನಮ್ಮದು ಮಲೆನಾಡಿನ ಸಾಗರದ ಕಡೆಯ ಹಳೇ ಮನೆ, ಕಾವಿ ನೆಲ. ಹಿತ್ತಲ ಬಾಗಿಲ ಹೊಸ್ತಿಲಿಗೆ ಗೆದ್ದಲು ಹಿಡಿಯಿತು ಅಂತ ಕೀಳಿಸಿ, ಆ ಜಾಗಕ್ಕೆ ಸಿಮೆಂಟ್ ತುಂಬಿಸಿದ್ದೆವು. ಮಳೆಗಾಲದಲ್ಲಿ ಸಂದಿಯಿಂದ ಕಪ್ಪೆ, ಉಂಬಳ, ಈಚಲು ಹುಳ ಎಲ್ಲ ಒಳಗೆ. ಅಮ್ಮ ಹಳೇ ಸೀರೆ ಸುತ್ತಿ ಬಾಗಿಲ ಬುಡಕ್ಕೆ ಒತ್ತಿಡುತ್ತಿದ್ದರು. ನಾನು ಜಾಣತನ ತೋರಿಸಲು ಹೋಗಿ ಅಲ್ಯೂಮಿನಿಯಂ ಪಟ್ಟಿಯ ಬ್ರಷ್ ತಂದು ಹೊಡೆದೆ.

ಬಾಗಿಲು ತೆರೆಯುವಾಗ ಬ್ರಷ್‌ನ ನಡುಭಾಗ ಒಂದು ಉಬ್ಬಿಗೆ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಿ ಸಿಕ್ಕಿತೋ ಅಲ್ಲೇ ಕತ್ತರಿಸಿದೆ. ಎಡವಟ್ಟಾಗಿದ್ದು ಇಲ್ಲಿ. ಬಾಗಿಲು ತಿರುಗುತ್ತದೆ, ಉಬ್ಬು ಮಾತ್ರ ಇದ್ದಲ್ಲೇ ಇರುತ್ತದೆ. ತೆರೆಯುವಾಗ ಉಬ್ಬಿನ ಮೇಲೆ ಹೋಗುವ ಕೂದಲು ಮುಚ್ಚಿದಾಗ ಉಬ್ಬಿನ ಮೇಲಿರುವುದಿಲ್ಲ, ಚೌಕಟ್ಟಿನ ಹತ್ತಿರ ಬೇರೆ ನೆಲದ ಮೇಲೆ ಬಂದು ನಿಲ್ಲುತ್ತದೆ, ನಮ್ಮಲ್ಲಂತೂ ಅದು ಹೊಸ್ತಿಲು ಕಿತ್ತು ಸಿಮೆಂಟ್ ತುಂಬಿದ ಮೇಲೂ ಉಳಿದ ತಗ್ಗು. ಅಂದರೆ ಕೂದಲು ಎಲ್ಲಿ ಉದ್ದ ಬೇಕಿತ್ತೋ ಸರಿಯಾಗಿ ಅಲ್ಲೇ ಗಿಡ್ಡ ಮಾಡಿದ್ದೆ! ಹಗಲು ಬಾಗಿಲು ಸಲೀಸಾಗಿ ತಿರುಗಿತು, ಖುಷಿಯಾಯಿತು. ರಾತ್ರಿ ಮುಚ್ಚಿದರೆ ನಡುವೆ ಕಿಂಡಿ. ಕತ್ತರಿಸಿದ ಕೂದಲು ಮತ್ತೆ ಬೆಳೆಯುವುದಿಲ್ಲ, ಪಟ್ಟಿಯ ದುಡ್ಡು ಹೋಯಿತು.

ಇನ್ನೊಂದು ಮಾತು. ನಿಮ್ಮ ತೊಂದರೆ ಕೂದಲು ಗಟ್ಟಿ ಅನ್ನುವುದು. ಕತ್ತರಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಕೂದಲಿನ ಉದ್ದ ಅರ್ಧವಾದರೆ ಅದರ ತುದಿಯನ್ನು ಅಷ್ಟೇ ಬಗ್ಗಿಸಲು ಸುಮಾರು 8 ಪಟ್ಟು ಬಲ ಬೇಕು. ಹಾಗಾಗಿ ಕತ್ತರಿಸುವ ಯೋಚನೆಯೇ ನನಗೆ ಸರಿ ಕಾಣುವುದಿಲ್ಲ. ಉದ್ದನೆಯ, ತೆಳು ಕೂದಲಿನ ಪಟ್ಟಿ ತಂದು ಸ್ವಲ್ಪ ಮೇಲೆ ಹೊಡೆಯಿರಿ. ಲೋಹದ ಭಾಗ ಉಬ್ಬಿಗೆ ತಾಕಬಾರದು, ಕೂದಲು ಬಾಗಿ ದಾಟಬೇಕು, ಅಷ್ಟೇ. ಸ್ವಂತ ಮನೆಯಾದರೆ ಸುಮ್ನೆ ಹೊಸ್ತಿಲು ಹಾಕಿಸಿ. ನಾವು ಕೊನೆಗೆ ಅದನ್ನೇ ಮಾಡಿದ್ದು. ಮುಚ್ಚಿದ ಬಾಗಿಲು ಹೊಸ್ತಿಲಿಗೆ ಒರಗಿ ನಿಂತರೆ ಒಳಗಿನ ನೆಲ ಹೇಗಿದ್ದರೇನು.

ಬಾಡಿಗೆ ಮನೆ, ಕತ್ತರಿಸದೆ ವಿಧಿಯಿಲ್ಲ ಅಂತಾದರೆ ಬಾಗಿಲು ಪೂರ್ತಿ ಮುಚ್ಚಿಯೇ ಗುರುತು ಹಾಕಿ. ಕೂದಲಿನ ಮೇಲೆ ಉದ್ದಕ್ಕೂ ಟೇಪ್ ಅಂಟಿಸಿ. ತೆಳ್ಳಗಿನ ಚಪ್ಪಟೆ ಮರದ ಚೂರಿನ ಮೇಲೆ ಪೆನ್ಸಿಲ್ ಮಲಗಿಸಿ ನೆಲಕ್ಕೆ ತಾಗಿಸಿಕೊಂಡೇ ಎಳೆದುಕೊಂಡು ಹೋದರೆ ನೆಲದ ಏರುತಗ್ಗು ಹಾಗೇ ಟೇಪಿನ ಮೇಲೆ ಮೂಡುತ್ತದೆ. ಪಟ್ಟಿ ಬಿಚ್ಚಿ, ಆ ಗೆರೆಯಿಂದ ಮರದ ಚೂರು ಮತ್ತು ಅರ್ಧ ಪೆನ್ಸಿಲ್‌ನ ದಪ್ಪದಷ್ಟು ಕೆಳಗೆ ನಿಜವಾದ ನೆಲ ಇದೆ ಅಂತ ಲೆಕ್ಕ ಹಾಕಿ, ಅದಕ್ಕೂ 2 ಮಿಲಿಮೀಟರ್ ಜಾಸ್ತಿ ಬಿಟ್ಟು ಕತ್ತರಿಸಿ. ಕತ್ತರಿ ಹರಿತವಾಗಿರಲಿ, ಮೊಂಡಾದರೆ ಕೂದಲು ಜಾರಿ ಓರೆಯಾಗುತ್ತದೆ. ಆಮೇಲೂ ಉಬ್ಬಿನ ಹತ್ತಿರ ಸ್ವಲ್ಪ ಉಜ್ಜುತ್ತದೆ, ಉಜ್ಜಲಿ ಬಿಡಿ, ಅದಕ್ಕೂ ಕತ್ತರಿ ಹಾಕಬೇಡಿ. ರಾತ್ರಿ ಒಳಗೆ ಲೈಟ್ ಆರಿಸಿ, ಹೊರಗಿನಿಂದ ಯಾರಾದರೂ ಬುಡಕ್ಕೆ ಟಾರ್ಚ್ ಹಿಡಿದರೆ ಎಲ್ಲಿ ಕಿಂಡಿ ಉಳಿದಿದೆ ಅಂತ ಗೊತ್ತಾಗುತ್ತದೆ.