ತುಂಬಿದ ವಿಮಾನಕ್ಕೂ ನಷ್ಟವೇ?

ಪ್ರಶ್ನೆ: ಒಂದೇ ವಿಮಾನ, ಅಕ್ಕಪಕ್ಕದ ಸೀಟು. ಒಬ್ಬರಿಗೆ 3,000 ರೂಪಾಯಿ, ಇನ್ನೊಬ್ಬರಿಗೆ 7,500. ಸೀಟು ಖಾಲಿ ಉಳಿದರೂ ಕೊನೇ ದಿನ ಯಾಕೆ ಅಗ್ಗ ಮಾಡುವುದಿಲ್ಲ? (ಓದುಗರು, ತುಮಕೂರು)

ಉತ್ತರ: ಕೂರುವ ಸೀಟು ಒಂದೇ ತರಹದ್ದಾದರೂ ಕಂಪ್ಯೂಟರಿನಲ್ಲಿ ಅವನ್ನು ಹಲವು ದರಗಳ ‘ಬಕೆಟ್’ಗಳಿಗೆ ಹಂಚಿಟ್ಟಿರುತ್ತಾರೆ. ಅಗ್ಗದ ಬಕೆಟ್‌ಗೆ ಎಷ್ಟು ಸೀಟು ಬಿಡಬೇಕು ಎಂಬುದೇ ಅಸಲಿ ಲೆಕ್ಕ. ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ 1972ರಲ್ಲಿ ಕೊಟ್ಟ ಸೂತ್ರ ಇದಕ್ಕೆ ತಳಹದಿ. 3,000 ಎಂದರೆ 7,500ರ ಶೇ 40. ಒಂದು ಸೀಟಿಗೆ 7,500 ಕೊಡುವವರು ಕೊನೆಗೆ ಬರುವ ಸಾಧ್ಯತೆ ಶೇ 40ಕ್ಕಿಂತ ಹೆಚ್ಚಿದ್ದರೆ ಅದನ್ನು ಕಾದಿರಿಸಬೇಕು; ಕಡಿಮೆಯಿದ್ದರೆ ಈಗಲೇ ಮಾರಬೇಕು. ಅಂಥ 20 ಮಂದಿಯಾದರೂ ಬರುವ ಸಾಧ್ಯತೆ ಶೇ 40 ದಾಟಿ, 21ನೆಯವರದು ದಾಟದಿದ್ದರೆ, 180 ಸೀಟಿನಲ್ಲಿ 160 ಮಾತ್ರ ಅಗ್ಗಕ್ಕೆ. ಅಂದಾಜು ತಪ್ಪಿದ ದಿನ ಸೀಟು ಖಾಲಿ ಹೋಗುತ್ತದೆ. ಆದರೂ ಕೊನೇ ದಿನ ದರ ಇಳಿಸಲು ಹಿಂಜರಿಯುತ್ತಾರೆ: ಒಮ್ಮೆ ಅಭ್ಯಾಸವಾದರೆ 7,500 ಕೊಡುವವರೂ ಕಾಯತೊಡಗುತ್ತಾರೆ.

ನಾಲ್ವರಿಗೆ ಒಟ್ಟಿಗೆ ಹುಡುಕುವಾಗ ಅಗ್ಗದ ಬಕೆಟ್‌ನಲ್ಲಿ ಮೂರೇ ಸೀಟು ಉಳಿದಿದ್ದರೆ, ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ದರವೇ ಬೀಳುತ್ತದೆ. ಒಬ್ಬರಿಗೆಂದು ಹುಡುಕಿ, ದರ ಹೋಲಿಸಿ ನೋಡಿ.

ಪ್ರಶ್ನೆ: ಉಡಾನ್ ಯೋಜನೆಯಲ್ಲಿ ನಮ್ಮೂರಿಗೆ ಬಂದ ವಿಮಾನ ಹೆಚ್ಚುಕಡಿಮೆ ತುಂಬಿಯೇ ಹಾರುತ್ತಿತ್ತು. ಆದರೂ ಮೂರು ವರ್ಷಕ್ಕೇ ನಿಂತಿತಲ್ಲ? (ಒಬ್ಬ ಓದುಗರು, ಕಲ್ಯಾಣ ಕರ್ನಾಟಕ)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ, ಆ ‘ಮೂರು ವರ್ಷ’ದಲ್ಲಿ. ಸಣ್ಣ ಊರುಗಳಿಗೂ ವಿಮಾನ ಹಾರಿಸುವ ಕೇಂದ್ರ ಸರ್ಕಾರದ ಯೋಜನೆಯಾದ ಉಡಾನ್‌ನಲ್ಲಿ ಸುಮಾರು ಅರ್ಧದಷ್ಟು ಸೀಟಿಗೆ ದರದ ಮಿತಿ ಇರುತ್ತದೆ, ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಅದರ ಅವಧಿ ಮೂರು ವರ್ಷ. ಆಮೇಲೆ ಟಿಕೆಟ್ಟಿನ ಹಣವೊಂದೇ ಆಧಾರ.

ಒಂದು ಕಾಲ್ಪನಿಕ ಲೆಕ್ಕ ನೋಡಿ. 78 ಸೀಟಿನ ಎಟಿಆರ್ ಎಂಬ ಸಣ್ಣ ವಿಮಾನ, 400 ಕಿ.ಮೀ. ದಾರಿ: ಗುಣಿಸಿದರೆ 31,200 ಸೀಟು-ಕಿಲೋಮೀಟರ್. ತೆರಿಗೆ, ನಿಲ್ದಾಣದ ಶುಲ್ಕ ಕಳೆದು ತಲಾ 3,000ದಂತೆ 62 ಮಂದಿ ಹೋದರೆ ಆದಾಯ 1,86,000. ಸೀಟು-ಕಿಲೋಮೀಟರಿಗೆ ಆರು ರೂಪಾಯಿಗೆ ತುಸು ಕಡಿಮೆ. ಖರ್ಚು ಆರೂವರೆ ಇದ್ದರೆ ಸಮ ಮಾಡಲು 68 ಮಂದಿ ಬೇಕು. ಅಂದರೆ ಶೇ 79 ತುಂಬಿದರೂ ನಷ್ಟವೇ. ಗಿಡ್ಡ ದಾರಿಯಲ್ಲಿ ಮೇಲೇರುವುದಕ್ಕೇ ಇಂಧನ ಜಾಸ್ತಿ ಸುಡುತ್ತದೆ, ಪ್ರತಿ ಸಲ ಇಳಿದಾಗಲೂ ಅರ್ಧ ಗಂಟೆ ನೆಲದ ಮೇಲೆ ಕಳೆಯುತ್ತದೆ. ಇಷ್ಟಾಗಿ ಲಾಭ ಬಂದರೂ ಸಾಲದು; ಅದೇ ವಿಮಾನ, ಅದೇ ಗಂಟೆಗಳಲ್ಲಿ ಬೇರೆ ಊರಿಗೆ ಹಾರಿ ಹೆಚ್ಚು ಗಳಿಸುವಂತಿದ್ದರೆ ಮುಂದಿನ ವೇಳಾಪಟ್ಟಿಯಲ್ಲಿ ಅತ್ತ ಹೊರಡುತ್ತದೆ. ಪಟ್ಟಿ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ.

ಪ್ರಶ್ನೆ: ಹಾಗಿದ್ದರೆ ಈಶಾನ್ಯಕ್ಕೆ ಯಾಕೆ ಹಾರುತ್ತಾರೆ? (ಓದುಗರು, ಮಂಗಳೂರು)

ಉತ್ತರ: ಲಾಭ ಸಿಗುವ ದಾರಿಗಳೂ ಅಲ್ಲಿವೆ. ಜೊತೆಗೆ 1994ರಿಂದ ನಿಯಮವಿದೆ. ಬೆಂಗಳೂರು–ದೆಹಲಿ, ಬೆಂಗಳೂರು–ಮುಂಬೈನಂಥ, ಸರ್ಕಾರ ‘ಮೊದಲ ವರ್ಗ’ ಎಂದು ಪಟ್ಟಿ ಮಾಡಿದ ದೊಡ್ಡ ದಾರಿಗಳಲ್ಲಿ ಹಾರಿಸಿದ ಸೀಟು-ಕಿಲೋಮೀಟರಿನ ಕನಿಷ್ಠ ಶೇ 10ರಷ್ಟನ್ನು ಈಶಾನ್ಯ, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪದ ಕಡೆಗೂ ಹಾರಿಸಬೇಕು. ದೆಹಲಿ–ಶ್ರೀನಗರದಂಥ ಗಿರಾಕಿಯಿರುವ ದಾರಿಯಲ್ಲೇ ಆ ಲೆಕ್ಕ ಮುಗಿಸಿಬಿಡಬಾರದೆಂದು, ಅದರಲ್ಲಿ ಮತ್ತೆ ಶೇ 10 ಆ ಪ್ರದೇಶಗಳ ಒಳಗೇ ಹಾರಬೇಕೆಂಬ ಉಪನಿಯಮವನ್ನೂ ಇಟ್ಟಿದ್ದಾರೆ.